ಓದಲು ಪರದೇಶಕ್ಕೆ ಹೋಗಿ ಬಂದವರಲ್ಲಿ ಒಂದು ಪ್ರಶ್ನೆ: ನಿಮ್ಮಲ್ಲಿ ಏನು ಉಳಿಯಿತು?

ಬೆಟಗೇರಿ ಅಕ್ಕಾವರು

ನಮಸ್ಕಾರ. ನಾನು ಬೆಟಗೇರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಮನೆಯವರು ಗದಗಿನಲ್ಲಿ ಪುಸ್ತಕದ ಬೈಂಡಿಂಗ್ ಮಾಡುತ್ತಾರೆ. ಅಡತಿ ಅಂಗಡಿಗಳಿಗೆ ಕಿರ್ದಿ, ಖತಾವಣಿ ಪುಸ್ತಕಗಳನ್ನು ಹೊಲಿದು ಕೊಡುತ್ತಾರೆ. ನಮಗೆ ಒಬ್ಬಳೇ ಮಗಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ. ಈಗ ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂ.ಎಸ್ಸಿ.ಗೆ ಪ್ರವೇಶ ಸಿಕ್ಕಿದೆ. ಸೆಪ್ಟೆಂಬರ್‌ನಲ್ಲಿ ತರಗತಿ ಆರಂಭ.

ಶುಲ್ಕ ಎಷ್ಟು, ವೀಸಾ ಹೇಗೆ, ಮುಂದೆ ನೌಕರಿ ಸಿಗುತ್ತದೆಯೇ ಎಂದು ಹೇಳುವವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಂದು ಕಚೇರಿಯಲ್ಲಿ ಎರಡು ತಾಸು ಕೂತು ಎಲ್ಲವನ್ನೂ ಬರೆದುಕೊಂಡು ಬಂದಿದ್ದೇವೆ. ನನ್ನ ಪ್ರಶ್ನೆ ಅದಲ್ಲ. ಎರಡು ವರ್ಷ ಅಲ್ಲಿದ್ದ ಮನುಷ್ಯನ ಒಳಗೆ ಏನಾಗುತ್ತದೆ? ಹತ್ತು ಹನ್ನೆರಡು ವರ್ಷ ಕಳೆದ ಮೇಲೂ ಅದರಲ್ಲಿ ಉಳಿದಿರುವುದು ಏನು? ಅಪ್ಪ ಅಮ್ಮನ ಜೊತೆ ಮೊದಲಿನಂತೆ ಇರಲು ಆಗುತ್ತದೆಯೇ?

ನಾನು ಯಾಕೆ ಹೀಗೆ ಕೇಳುತ್ತಿದ್ದೇನೆ ಎಂಬುದನ್ನೂ ಹೇಳಬೇಕು. 1996ರಲ್ಲಿ ಬಿ.ಎ. ಮುಗಿಸಿದಾಗ ನನಗೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡುವ ಆಸೆಯಿತ್ತು. ಗದಗಿನಿಂದ ಧಾರವಾಡ ಸುಮಾರು 80 ಕಿಲೋಮೀಟರ್. ನಮ್ಮ ಅಪ್ಪ ಬೇಡ ಎಂದರು. "ಹಾಸ್ಟೆಲ್‌ನಲ್ಲಿ ಇದ್ದು ಬಂದ ಹುಡುಗಿ ಮನೆಯವರ ಮಾತು ಕೇಳುವುದಿಲ್ಲ" ಎಂಬುದು ಅವರು ಕೊಟ್ಟ ಕಾರಣ. ಅವರು ಹಾಗೆ ಹೇಳಿದಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಆ ಬಾಗಿಲಿನ ಬಣ್ಣ ಈಗಲೂ ಕಣ್ಣ ಮುಂದಿದೆ. ಮೊನ್ನೆ ಓಣಿಯಲ್ಲಿ ಒಬ್ಬರು "ಹೋದವರು ಹೋದವರೇ ಅಕ್ಕಾವರೇ, ತಿರುಗಿ ಬಂದರೂ ಅವರು ನಮ್ಮವರಲ್ಲ" ಎಂದರು. ಮನೆಗೆ ಬಂದು ಮಗಳ ಮುಖ ನೋಡುವಾಗ ಅಪ್ಪನ ಅದೇ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಆದರೆ ಬಂದದ್ದು ನಿಜ, ಅದಕ್ಕೇ ಹೆದರಿದ್ದೇನೆ.

ಹೋಗಿ ಬಂದವರು ಸಿಹಿಯನ್ನಷ್ಟೇ ಅಲ್ಲ, ಇದ್ದದ್ದನ್ನು ಇದ್ದಂತೆ ಬರೆಯಿರಿ.

ಎರೆಹೊಲದ ಮಗಳು, ಧಾರವಾಡ

ಅಕ್ಕಾವರೇ, ನಿಮ್ಮ ಮಗಳು ಹೋಗುತ್ತಿರುವ ಊರಿನಲ್ಲೇ ನಾನು ಓದಿದ್ದು. 2011ರ ಆಗಸ್ಟ್‌ನಲ್ಲಿ ಹೋಗಿ 2013ರಲ್ಲಿ ಮರಳಿದೆ; ಮಣ್ಣುವಿಜ್ಞಾನದಲ್ಲಿ ಎಂ.ಎಸ್ಸಿ. ಈಗ ಸಪ್ತಾಪುರದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಮಣ್ಣು ಪರೀಕ್ಷೆಯ ಕೆಲಸ. ತವರು ನವಲಗುಂದ ತಾಲ್ಲೂಕು. ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಉತ್ತರವನ್ನು ಯೋಚಿಸಿ ಬರೆಯಬೇಕು ಅನ್ನಿಸಿ ಬೆಳಗಿನವರೆಗೆ ಕಾದೆ.

ವಾಗೆನಿಂಗೆನ್ ದೊಡ್ಡ ಪಟ್ಟಣವಲ್ಲ. ಅದಕ್ಕೆ ತನ್ನದೇ ರೈಲು ನಿಲ್ದಾಣವೂ ಇಲ್ಲ. ಪಕ್ಕದ ಎಡೆ ಎಂಬ ಊರಿನಲ್ಲಿ ಇಳಿದು ಬಸ್ ಹಿಡಿಯಬೇಕು. ರೈನ್ ನದಿಯ ದಂಡೆ, ಹುಲ್ಲುಗಾವಲು, ಸೈಕಲ್ಲುಗಳು. ಬಹುಮಹಡಿ ವಿದ್ಯಾರ್ಥಿ ನಿವಾಸದಲ್ಲಿ ಒಂದು ಸಾಲಿನ ಕೋಣೆಗಳಿಗೆಲ್ಲ ಸೇರಿ ಒಂದೇ ಅಡುಗೆಮನೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ಇವಕ್ಕೆಲ್ಲ ಮಗಳು ಒಂದೆರಡು ತಿಂಗಳಲ್ಲಿ ಹೊಂದಿಕೊಳ್ಳುತ್ತಾಳೆ. ಚಳಿ, ಊಟ, ಭಾಷೆಯ ಬಗ್ಗೆ ಹೆಚ್ಚು ಚಿಂತೆ ಬೇಡ.

ನನ್ನನ್ನು ಅಲುಗಾಡಿಸಿದ್ದು ಬೇರೆಯೇ. ಧಾರವಾಡದಲ್ಲಿ ನನ್ನ ಸರಾಸರಿ ಅಂಕ ಹತ್ತಕ್ಕೆ 8.7 ಇತ್ತು. ಅಲ್ಲಿಯೂ ಅಂಕ ಹತ್ತಕ್ಕೇ ಕೊಡುತ್ತಾರೆ. ಮೊದಲ ಪರೀಕ್ಷೆಯಲ್ಲಿ ನನಗೆ 6 ಬಂತು. ಆ ದೇಶದಲ್ಲಿ 6 ಎಂದರೆ ಪಾಸು, 8 ಎಂದರೆ ಬಹಳ ಒಳ್ಳೆಯದು, ಹತ್ತನ್ನು ಕೊಡುವುದೇ ಅಪರೂಪ ಎಂಬುದು ಆಗ ತಿಳಿದಿರಲಿಲ್ಲ. ಊರಿನ ಮಾನ ಕಳೆದೆ ಎಂದುಕೊಂಡು ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಇನ್ನು, ಗುರುಗಳನ್ನು ಹೆಸರು ಹಿಡಿದು ಕರೆಯಬೇಕು. ಬಾಯಿಗೆ "ಸರ್" ಎಂದೇ ಬರುತ್ತಿತ್ತು. ಅವರು ಪ್ರತಿ ಸಲವೂ ನಗುತ್ತ ತಮ್ಮ ಹೆಸರನ್ನು ನೆನಪಿಸುತ್ತಿದ್ದರು.

ಅಕ್ಟೋಬರ್‌ನಲ್ಲಿ ನಮ್ಮನ್ನು ಅಲ್ಲಿನ ವಿಶ್ವ ಮಣ್ಣು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಬೇರೆ ಬೇರೆ ದೇಶದ ನೆಲವನ್ನು ಮೇಲಿಂದ ಕೆಳಗೆ ಕೊರೆದು, ಪದರ ಕೆಡದಂತೆ ತಂದು ನಿಲ್ಲಿಸಿದ್ದಾರೆ. ಅವುಗಳ ನಡುವೆ ನಮ್ಮ ಎರೆಮಣ್ಣಿನ ಜಾತಿಯದೂ ಇತ್ತು. ಪುಸ್ತಕದಲ್ಲಿ ಅದಕ್ಕೆ ವರ್ಟಿಸಾಲ್ ಎಂದು ಹೆಸರು. ಸಾವಿರಾರು ಮೈಲಿ ದೂರದಲ್ಲಿ ಆ ಕಪ್ಪನ್ನು ನೋಡಿದಾಗ ಗಂಟಲು ಕಟ್ಟಿತು. ಗುರುಗಳು ಅದನ್ನು ಗಮನಿಸಿ, "ನೀವು ಈ ಮಣ್ಣಿನ ಮೇಲೆ ಬೆಳೆದವರಲ್ಲವೇ? ಬೇಸಿಗೆಯಲ್ಲಿ ಬಿರುಕು ಎಷ್ಟು ಆಳ ಬಿಡುತ್ತದೆ? ನಿಮ್ಮ ತಂದೆ ಅದಕ್ಕೆ ಏನು ಮಾಡುತ್ತಾರೆ?" ಎಂದು ಕೇಳಿದರು. ನಾನು ಜೇಡಿಯ ಖನಿಜ ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದೆ. ಅವರು ಕೊನೆಯವರೆಗೂ ಕೇಳಿ, "ಇದು ಪುಸ್ತಕದ ಉತ್ತರ. ನಾನು ಕೇಳಿದ್ದು ನಿಮ್ಮ ಹೊಲದ್ದು" ಎಂದರು. ಎಲ್ಲರ ಎದುರು, ದನಿ ಏರಿಸದೆ. "ನನಗೆ ಗೊತ್ತಿಲ್ಲ" ಎಂದೆ. ಹದಿನಾರು ವರ್ಷದ ಓದಿನಲ್ಲಿ ತರಗತಿಯೊಂದರಲ್ಲಿ ನಾನು ಆ ಮಾತನ್ನು ಆಡಿದ್ದು ಅದೇ ಮೊದಲು.

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ ಮೂರು, ನವಲಗುಂದದಲ್ಲಿ ಸಂಜೆ ಆರೂವರೆ. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಹಣ ಬೇಕಾಗಿ ಮಾಡಿದ್ದಾಳೆ ಎಂದುಕೊಂಡಿದ್ದರಂತೆ. ಆಮೇಲೆ ಶುರು ಮಾಡಿದರು. ಚೈತ್ರದಲ್ಲಿ ಬಾರಕೋಲನ್ನು ಬಿರುಕಿಗೆ ಇಳಿಬಿಟ್ಟರೆ ಹಿಡಿಯವರೆಗೂ ಒಳಗೆ ಹೋಗುತ್ತದೆ. ಹಿಂಗಾರಿ ಜೋಳಕ್ಕೆ ಕೊನೆಯ ಎಡೆ ಹೊಡೆಯುವುದು ಕಸ ತೆಗೆಯಲಿಕ್ಕಲ್ಲ, ಆ ಹೊತ್ತಿಗೆ ಕಸವೇ ಇರುವುದಿಲ್ಲ. ಬಿರುಕಿನ ಬಾಯಿ ಮುಚ್ಚಿ ಕೆಳಗಿನ ಹಸಿ ಹಾರಿ ಹೋಗದಂತೆ ಮಾಡಲಿಕ್ಕೆ. ಯಾವ ತುದಿಯಲ್ಲಿ ಮೊದಲು ಬಿರಿಯುತ್ತದೆ, ಯಾವ ವರ್ಷ ಬಿರಿಯಲೇ ಇಲ್ಲ, ಅಜ್ಜ ಏನು ಹೇಳುತ್ತಿದ್ದರು, ಎಲ್ಲವೂ ಬಂತು. ನಲವತ್ತು ನಿಮಿಷ. ಕೊನೆಗೆ "ಇದನ್ನು ಅವರು ಯಾಕೆ ಕೇಳಿದರು?" ಎಂದರು. "ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು, ಅದಕ್ಕೆ" ಎಂದೆ. ಅಪ್ಪ ಮತ್ತೆ ಮಾತಾಡಲಿಲ್ಲ.

ನಾಲ್ಕು ವರ್ಷ ಕೃಷಿ ಓದಿದ್ದೆ, ಹೊಲ ಊಳುವ ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ ಅಕ್ಕಾವರೇ. ಕೇಳುವುದನ್ನು ನನಗೆ ಕಲಿಸಿದ್ದು ಆ ಊರು. ಇದು ಮೊದಲನೆಯದು, ಇಂದಿಗೂ ಉಳಿದಿರುವುದು. ರೈತರು ಮಣ್ಣಿನ ಚೀಲ ಹಿಡಿದು ಬಂದಾಗ ಯಂತ್ರಕ್ಕೆ ಹಾಕುವ ಮೊದಲು ಕುರ್ಚಿ ಕೊಟ್ಟು ಕೂರಿಸಿ ಕೇಳುತ್ತೇನೆ.

ಎರಡನೆಯದು ಕಹಿ. ಅದನ್ನು ಬಿಟ್ಟರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ.

ಅಲ್ಲಿನವರು ತಪ್ಪನ್ನು ತಪ್ಪು ಎಂದು ಮುಖಕ್ಕೇ ಹೇಳುತ್ತಾರೆ, ಹೇಳಿದ ಮೇಲೆ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ನಮ್ಮ ಕಡೆಯವರೂ ನೇರ ಮಾತಿನವರೆಂದು ಹೆಸರು. ಆದರೆ ಆ ನೇರ ಮಾತು ಮನೆಯ ಹೆಣ್ಣುಮಗಳು ಹಿರಿಯರ ಎದುರು ಆಡುವುದಕ್ಕಲ್ಲ, ಅದು ನಿಮಗೂ ಗೊತ್ತು. ಮರಳಿ ಬಂದ ಎರಡೇ ತಿಂಗಳಿಗೆ ಪಡಸಾಲೆಯಲ್ಲಿ ಕಾಕಾ, ಅಕ್ಕನ ಮಾವನವರು, ಓಣಿಯ ಇಬ್ಬರು ಹಿರಿಯರು ಕೂತಿದ್ದರು. ಸಾಲ ತೆಗೆದು ಕೊಳವೆಬಾವಿ ಕೊರೆಸುವ ಮಾತು ನಡೆದಿತ್ತು. ನಮ್ಮ ಭಾಗದ ಅಂತರ್ಜಲ ಸವಳು, ಅಂದರೆ ಉಪ್ಪು ನೀರು; ಆ ನೀರನ್ನು ಎರೆಗೆ ಹಾಯಿಸಿದರೆ ನಾಲ್ಕಾರು ವರ್ಷದಲ್ಲಿ ಹೊಲವೇ ಸವಳಾಗುತ್ತದೆ. ನಾನು ಚಹಾದ ತಟ್ಟೆ ಕೆಳಗಿಟ್ಟು, "ಅಪ್ಪಾ, ಈ ಲೆಕ್ಕ ತಪ್ಪು" ಎಂದೆ. ಅಲ್ಲಿ ಮಾತಾಡುತ್ತಿದ್ದಂತೆಯೇ ಮಾತಾಡಿದೆ. ಕಾರಣಗಳನ್ನು ಒಂದೊಂದಾಗಿ ಹೇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರೂ ಅಪ್ಪನ ಮುಖ ನೋಡುತ್ತಿದ್ದರು.

ಕೊಳವೆಬಾವಿಯ ಮಾತು ಅಲ್ಲಿಗೇ ನಿಂತಿತು. ಅಪ್ಪ ನನ್ನೊಂದಿಗೆ ಮಾತಾಡುವುದೂ ನಿಂತಿತು. ಏಳು ತಿಂಗಳು. ಅವ್ವನ ಮೂಲಕ "ಊಟ ಆಯಿತೇ ಕೇಳು" ಎನ್ನುತ್ತಿದ್ದರು, ಅಷ್ಟೇ. ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದ್ದ ಅದೇ ಅಪ್ಪ. ನನ್ನ ಲೆಕ್ಕ ಸರಿಯಿತ್ತು. ಆದರೆ ಅದನ್ನು ಹೇಳಿದ ಜಾಗ ತಪ್ಪಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಆ ಏಳು ತಿಂಗಳು ಬೇಕಾಯಿತು. ಅಲ್ಲಿ ಕಲಿತದ್ದನ್ನು ಬಿಟ್ಟುಬಿಡಬೇಕೇ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಬಿಡಲಿಲ್ಲ. ಪಡಸಾಲೆಯಲ್ಲಿ ಆಡದೆ ಹೊಲದ ಬದುವಿನ ಮೇಲೆ, ಇಬ್ಬರೇ ಇದ್ದಾಗ ಆಡುವುದನ್ನು ಕಲಿತೆ. 2014ರಲ್ಲಿ, ಮಳೆನೀರು ಹಿಡಿದಿಡುವ ಕೃಷಿ ಹೊಂಡಕ್ಕೆ ಸಹಾಯಧನ ಕೊಡುವ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂತು. ಮರುವರ್ಷ ಒಂದು ಸಂಜೆ ಅಪ್ಪ ನನ್ನನ್ನು ಹೊಲಕ್ಕೆ ಕರೆದೊಯ್ದು, ಮುಖ ತಿರುಗಿಸಿಕೊಂಡೇ, "ಕೃಷಿ ಹೊಂಡ ತೋಡಿಸಿದರೆ ಯಾವ ಮೂಲೆಯಲ್ಲಿ ತೋಡಿಸಬೇಕು?" ಎಂದು ಕೇಳಿದರು.

ನಮ್ಮ ಆಯಿ, ಅಂದರೆ ಅಜ್ಜಿ, ತೀರಿಕೊಂಡಾಗ ನಾನು ಇಲ್ಲಿರಲಿಲ್ಲ. 2012ರ ಫೆಬ್ರುವರಿ ಮೊದಲ ವಾರ. ಅಲ್ಲಿ ಕಾಲುವೆಗಳೆಲ್ಲ ಹೆಪ್ಪುಗಟ್ಟಿ ಜನ ಅವುಗಳ ಮೇಲೆ ಜಾರುತ್ತಿದ್ದ ಚಳಿ. ಬರಲು ಹಣವೂ ಇರಲಿಲ್ಲ, ಬಂದರೂ ಮುಖ ಸಿಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದೆ. ಅದೇ ಸಾಲಿನ ಕೋಣೆಯ ಇಥಿಯೋಪಿಯಾದ ಗೆಳತಿ ಬಂದು, ಏನೂ ಕೇಳದೆ, ಹಸಿ ಕಾಫಿ ಬೀಜವನ್ನು ಬಾಣಲೆಯಲ್ಲಿ ಹುರಿದು, ಕುಟ್ಟಿ, ಕುದಿಸಿ ಮೂರು ಸಲ ಬಗ್ಗಿಸಿ ಕೊಟ್ಟಳು. ಅವಳ ಊರಿನಲ್ಲೂ ಎರೆಯಂಥದೇ ಕಪ್ಪು ಮಣ್ಣು. ಮಳೆಗಾಲದಲ್ಲಿ ನೀರು ನಿಲ್ಲುವುದರಿಂದ ಏರುಮಡಿ ಮಾಡಿ ಬಿತ್ತುತ್ತಾರೆ. ಬೆಳಗಿನ ನಾಲ್ಕರವರೆಗೆ ನಮ್ಮ ನಮ್ಮ ಅಜ್ಜಿಯರ ಬಗ್ಗೆ ಮಾತಾಡಿದೆವು. ಆಯಿಯ ಸಾವಿಗೆ ಹೋಗಲಾಗಲಿಲ್ಲ ಎಂಬುದು ಇವತ್ತಿಗೂ ಮಾಗಿಲ್ಲ. ಕಾಫಿಯ ವಾಸನೆ ಬಂದರೆ ಆ ರಾತ್ರಿ ಬರುತ್ತದೆ.

ನಿಮ್ಮ ಮಗಳು ಬದಲಾಗುತ್ತಾಳೆ ಅಕ್ಕಾವರೇ. ನಿಮ್ಮನ್ನು ಬಿಡುತ್ತಾಳೆ ಎಂದಲ್ಲ. ನಿಮ್ಮೊಂದಿಗೆ ಮಾತಾಡುವ ರೀತಿ ಬದಲಾಗುತ್ತದೆ. ಅವಳ ಅಪ್ಪನಿಗೆ ಇದನ್ನು ಈಗಲೇ ಹೇಳಿಡಿ.

ನಿವೃತ್ತ ಶಿಕ್ಷಕ, ಹಾವೇರಿ

ತಂಗೀ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಆದರೆ ನೀನು ಮರಳಿ ಬಂದವಳು. ಬರದೆ ಉಳಿದವರ ಮನೆಯಿಂದ ಬರೆಯುತ್ತಿರುವವನು ನಾನು. ಅಕ್ಕಾವರು ಎರಡನ್ನೂ ಕೇಳಬೇಕು.

ನಮ್ಮ ಮಗ 2009ರಲ್ಲಿ ಮೆಲ್ಬರ್ನ್‌ಗೆ ಓದಲು ಹೋದ. ಅಲ್ಲಿಯೇ ನೌಕರಿ, ಅಲ್ಲಿಯೇ ಸಂಸಾರ. ಒಳ್ಳೆಯ ಹುಡುಗ. ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಅವರ ಗಡಿಯಾರ ನಮಗಿಂತ ನಾಲ್ಕೂವರೆ ತಾಸು ಮುಂದೆ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಐದೂವರೆ ತಾಸು. ನಮ್ಮ ಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳಿವೆ. ಒಂದರ ಮುಳ್ಳನ್ನು ವರ್ಷಕ್ಕೆ ಎರಡು ಸಲ ನಾನೇ ತಿರುಗಿಸುತ್ತೇನೆ.

ಮಗ ಅಲ್ಲಿ ಉಳಿದದ್ದಕ್ಕೆ ನನಗೆ ಸಿಟ್ಟಿಲ್ಲ. ನಾನು ಮಾಡಿದ ತಪ್ಪೊಂದಿದೆ, ಅದನ್ನು ಬೇರೆಯವರು ಮಾಡಬಾರದು. ಅವನು ಹೋದ ಎರಡನೇ ವರ್ಷ ಅವನ ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು. ಪರೀಕ್ಷೆಯ ದಿನಗಳು, ಹುಡುಗ ಗಾಬರಿಯಾಗುತ್ತಾನೆ ಎಂದು ಮುಚ್ಚಿಟ್ಟೆವು. "ಅವ್ವ ಎಲ್ಲಿ?" ಎಂದರೆ "ಗುಡಿಗೆ ಹೋಗಿದ್ದಾಳೆ" ಎನ್ನುತ್ತಿದ್ದೆ. ಎರಡು ತಿಂಗಳ ಮೇಲೆ ಯಾರೋ ಸಂಬಂಧಿಕರು ಬಾಯಿ ಬಿಟ್ಟರು. ಅಂದು ಅವನು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ನಾನು "ಇಲ್ಲಿ ಎಲ್ಲ ಆರಾಮ" ಎಂದರೆ ಅವನು ನಂಬುವುದಿಲ್ಲ. ಹದಿನೈದು ವರ್ಷ ಆಗುತ್ತ ಬಂತು, ಈಗಲೂ ನನ್ನ ಜೊತೆ ಮಾತು ಮುಗಿಸಿ ಪಕ್ಕದ ಮನೆಯವರಿಗೆ ಮತ್ತೊಂದು ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಾನೆ. ದೂರ ಇದ್ದವರಿಗೆ ಕೊಡಲು ನಮ್ಮ ಹತ್ತಿರ ಇರುವುದು ನಿಜವಾದ ಸುದ್ದಿಯೊಂದೇ. ಅದನ್ನೂ ನಾನು ಕೊಡಲಿಲ್ಲ.

ಅಕ್ಕಾವರೇ, ಕಳಿಸಿರಿ. ಜ್ವರ ಬಂದರೆ ಜ್ವರ ಬಂದಿದೆ ಎಂದೇ ಹೇಳಿರಿ.

ಉಣಕಲ್ ಕೆರೆ

ಹಿರಿಯರು ಮನಸ್ಸಿನ ಮಾತು ಬರೆದಿದ್ದಾರೆ. ಹಣದ ಒತ್ತಡವೂ ಮನುಷ್ಯನನ್ನು ಬದಲಿಸುತ್ತದೆ, ಅದಕ್ಕಾಗಿ ನಾಲ್ಕು ಸಾಲು. ಬ್ಯಾಂಕಿನ ಶಿಕ್ಷಣ ಸಾಲವಾದರೆ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಸಾಧ್ಯವಾದರೆ ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟುತ್ತ ಬನ್ನಿ. ನೆದರ್ಲೆಂಡ್ಸ್‌ನಲ್ಲಿ ಯುರೋಪಿನ ಹೊರಗಿನ ವಿದ್ಯಾರ್ಥಿಗಳು ಜೂನ್, ಜುಲೈ, ಆಗಸ್ಟ್ ಬಿಟ್ಟರೆ ಓದಿನ ಜೊತೆ ವಾರಕ್ಕೆ 16 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ, ಅದಕ್ಕೂ ಮಾಲೀಕರು ಪರವಾನಗಿ ಪಡೆದಿರಬೇಕು. ಹಾಗಾಗಿ "ಅಲ್ಲಿ ದುಡಿದು ಶುಲ್ಕ ಕಟ್ಟಿಕೊಳ್ಳುತ್ತಾಳೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಓದು ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಪರವಾನಗಿಗೆ ಅರ್ಜಿ ಹಾಕಬಹುದು.

ನಾನು ಜರ್ಮನಿಯಲ್ಲಿದ್ದಾಗ ಸಾಲದ ಮೊತ್ತವನ್ನು ಕೋಣೆಯ ಗೋಡೆಗೆ ಬರೆದು ಅಂಟಿಸಿದ್ದೆ. ಮೂರು ವರ್ಷ ಒಂದು ಕಪ್ ಚಹಾ ಹೊರಗೆ ಕುಡಿಯಲಿಲ್ಲ. ಸಾಲ ತೀರಿದೆ, ಆದರೆ ಹೋಟೆಲಿನಲ್ಲಿ ದರಪಟ್ಟಿಯ ಬಲಗಡೆಯನ್ನೇ ಮೊದಲು ನೋಡುವ ಅಭ್ಯಾಸ ಹೋಗಿಲ್ಲ. ಮಗಳಿಗೆ ಸಾಲದ ಲೆಕ್ಕ ತಿಳಿದಿರಲಿ. ಅದರ ಭಯ ಮಾತ್ರ ಅವಳೊಬ್ಬಳ ತಲೆಯ ಮೇಲೆ ಬೀಳುವುದು ಬೇಡ.

ಬೆಟಗೇರಿ ಅಕ್ಕಾವರು

ಮೂವರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮನೆಯವರು ಅಂಟು ಹಚ್ಚಿದ ರಟ್ಟುಗಳನ್ನು ಒತ್ತುತ್ತ ಕೂತಿದ್ದರು. ಕೊಳವೆಬಾವಿಯ ಭಾಗ ಬಂದಾಗ ಕೈ ನಿಲ್ಲಿಸಿದರು. ಓದಿ ಮುಗಿದ ಮೇಲೆ ಮಗಳನ್ನು ನೋಡಿ, "ನನಗೆ ಏನಾದರೂ ತಪ್ಪು ಎಂದು ಹೇಳುವುದಿದ್ದರೆ ಈಗಲೇ ಒಂದು ಹೇಳಿ ಹೋಗು, ರೂಢಿಯಾಗಲಿ" ಎಂದರು. ಅವಳು ತುಂಬ ಹೊತ್ತು ತಲೆ ತಗ್ಗಿಸಿ ಕೂತಿದ್ದು, "ಅಪ್ಪಾ, ನಿಮ್ಮ ಕಣ್ಣು ಮಂಜಾಗಿದೆ. ಎರಡು ವರ್ಷದಿಂದ ಹೊಲಿಗೆ ಸೊಟ್ಟ ಬರುತ್ತಿದೆ. ಡಾಕ್ಟರ ಹತ್ತಿರ ಹೋಗುತ್ತಿಲ್ಲ" ಎಂದಳು. ನನಗೂ ಗೊತ್ತಿತ್ತು. ನಾನೂ ಹೇಳಿರಲಿಲ್ಲ. ಸೋಮವಾರ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಮೂವರೂ ಹೋಗುತ್ತಿದ್ದೇವೆ.

ಧಾರವಾಡದ ತಂಗಿಗೆ ಒಂದು ಪ್ರಶ್ನೆ. ಜೋಳದ ಹಿಟ್ಟು ಎಷ್ಟು ಕಳಿಸಲಿ? ಪೇಡೆಯನ್ನೂ ಕಟ್ಟಿ ಕಳಿಸಬೇಕೆಂದಿದ್ದೇನೆ.

ಎರೆಹೊಲದ ಮಗಳು, ಧಾರವಾಡ

ಪೇಡೆ ಬೇಡ ಅಕ್ಕಾವರೇ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿನೊಳಗೆ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡುತ್ತಾರೆ. ಹಿಟ್ಟು ಒಂದೆರಡು ಕಿಲೋ ಸಾಕು. ಹಳತಾದಂತೆ ಅದರ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಖಡಕ್ ರೊಟ್ಟಿಯನ್ನು ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಕಟ್ಟಿರಿ, ತಿಂಗಳುಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ತವೆ ಇಲ್ಲಿಂದಲೇ ಒಯ್ಯಲಿ, ತಳ ಚಪ್ಪಟೆಯಾಗಿರಬೇಕು. ಅಲ್ಲಿಯದು ವಿದ್ಯುತ್ ಒಲೆ. ರೊಟ್ಟಿ ಸುಡುವಾಗ ಕಿಟಕಿ ತೆಗೆದಿಡಲು ಹೇಳಿರಿ. ಹೊಗೆಯ ಗಂಟೆ ಹೊಡೆದರೆ ಇಡೀ ಸಾಲಿನವರು ಅಡುಗೆಮನೆಗೆ ಓಡಿ ಬರುತ್ತಾರೆ. ಬಂದರೆ ಅವರಿಗೂ ಒಂದೊಂದು ರೊಟ್ಟಿ ಕೊಡಲಿ. ನನಗೆ ಇಥಿಯೋಪಿಯಾದ ಆ ಗೆಳತಿ ಸಿಕ್ಕಿದ್ದು ಹಾಗೆಯೇ.